ಕಿರುಸಂಖ್ಯೆಯ ಧ್ವನಿಸಾಂದ್ರಿಕೆ: ತಯಾರಿಕೆ ಮತ್ತು ಮುದ್ರಣದ ಇತಿಹಾಸ

ದೊಡ್ಡ ಧ್ವನಿಮುದ್ರಣ ಕಂಪನಿಯ ಆಸರೆಯಿಲ್ಲದ ಗಾಯಕರು, ವಾದಕರು, ಬ್ಯಾಂಡ್‌ಗಳು ಕೈಯಿಂದ ಹಣ ಹಾಕಿ ಐವತ್ತರಿಂದ ಸಾವಿರದವರೆಗೆ ಸಿ.ಡಿ. ಮಾಡಿಸಿಕೊಳ್ಳುವ ಪದ್ಧತಿ 1980ರ ದಶಕದ ಕೊನೆಗೆ ಅಮೆರಿಕ ಮತ್ತು ಯೂರೋಪಿನಲ್ಲಿ ಕುದುರಿ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಭಾರತವೂ ಸೇರಿದಂತೆ ಎಲ್ಲ ಕಡೆ ಹಬ್ಬಿತು. ಇದರಲ್ಲಿ ಎರಡು ದಾರಿಗಳಿವೆ. ಒಂದು, ಕಾರ್ಖಾನೆಯಲ್ಲಿ ಅಚ್ಚು ಮಾಡಿಸಿ ಪ್ಲಾಸ್ಟಿಕ್ ತಟ್ಟೆಗಳನ್ನು ಒತ್ತಿಸುವುದು. ಇನ್ನೊಂದು, ಖಾಲಿ ತಟ್ಟೆಗಳ ಮೇಲೆ ಲೇಸರ್ ಕಿರಣದಿಂದ ಒಂದೊಂದಾಗಿ ಬರೆಸುವುದು. ಯಾವ ದಾರಿ ಹಿಡಿಯಬೇಕು ಎಂಬುದನ್ನು ಬಹುತೇಕ ಸಲ ತೀರ್ಮಾನಿಸಿದ್ದು ಸಂಗೀತವಾಗಲಿ ಧ್ವನಿಯ ಗುಣಮಟ್ಟವಾಗಲಿ ಅಲ್ಲ, ಎಷ್ಟು ಪ್ರತಿ ಬೇಕು ಎಂಬ ಲೆಕ್ಕ. ಹಾಗಾಗಿ ಈ ಕಸುಬಿನ ಚರಿತ್ರೆಯೆಂದರೆ ಮುಕ್ಕಾಲು ಪಾಲು ಕನಿಷ್ಠ ಆರ್ಡರ್ ಸಂಖ್ಯೆ ಇಳಿಯುತ್ತ ಬಂದ ಚರಿತ್ರೆ.

ಸಿ.ಡಿ.ಗೆ ಮುಂಚೆ

ಸ್ವಂತ ಖರ್ಚಿನ ಧ್ವನಿಮುದ್ರಿಕೆ ಸಿ.ಡಿ. ಜೊತೆ ಹುಟ್ಟಿದ್ದಲ್ಲ. ಗ್ರಾಮಫೋನ್ ಕಾಲದಲ್ಲೇ ಚರ್ಚಿನ ಗಾಯನವೃಂದಗಳು, ಶಾಲಾ ಬ್ಯಾಂಡ್‌ಗಳು ಹಣ ಕೊಟ್ಟು ತಟ್ಟೆ ಒತ್ತಿಸುತ್ತಿದ್ದವು. ಮುಂದೆ ಈ ಉದ್ಯಮದ ದೊಡ್ಡ ಹೆಸರಾದ ಡಿಸ್ಕ್ ಮೇಕರ್ಸ್ 1946ರಲ್ಲಿ ಫಿಲಡೆಲ್ಫಿಯದಲ್ಲಿ ಶುರುವಾದದ್ದು ಇಂಥದೇ ಒಂದು ಗ್ರಾಮಫೋನ್ ತಟ್ಟೆಯ ಕಾರ್ಖಾನೆಯಾಗಿ.

ಸ್ವಂತ ಪ್ರಕಟಣೆಗೆ ಒಂದು ಹಟದ ಬಣ್ಣ ಬಂದದ್ದು ಇಂಗ್ಲೆಂಡಿನ ಪಂಕ್ ಸಂಗೀತಗಾರರಿಂದ. ಮ್ಯಾಂಚೆಸ್ಟರ್ ಕಡೆಯ ಬಜ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ನೆಂಟರು, ಸ್ನೇಹಿತರಿಂದ 500 ಪೌಂಡ್ ಸಾಲ ತಂದು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಪುಟ್ಟ ತಟ್ಟೆಯ 1,000 ಪ್ರತಿ ಒತ್ತಿಸಿತು. ಅವು ಖಾಲಿಯಾಗಿ ಮತ್ತೆ ಮತ್ತೆ ಒತ್ತಿಸಬೇಕಾಯಿತು. ಮರುವರ್ಷ ಸ್ಕ್ರಿಟ್ಟಿ ಪೊಲಿಟ್ಟಿ ತಂಡ ತನ್ನ ಮೊದಲ ತಟ್ಟೆಯ ಹೊದಿಕೆಯ ಮೇಲೆ ಸ್ಟುಡಿಯೊ ಬಾಡಿಗೆ, ಒತ್ತುವ ಖರ್ಚು, ಮುದ್ರಣದ ಖರ್ಚು ಎಲ್ಲವನ್ನೂ ಬಿಡಿಬಿಡಿಯಾಗಿ ಅಚ್ಚು ಹಾಕಿಸಿತು. ಓದಿದವರು ಬೇಕಾದರೆ ತಾವೂ ಮಾಡಿಕೊಳ್ಳಲಿ ಎಂಬುದು ಉದ್ದೇಶ. 1990ರ ದಶಕದ ಮೊದಲಲ್ಲಿ ಅಮೆರಿಕದ ಸಿಂಪಲ್ ಮಷೀನ್ಸ್ ಎಂಬ ಸಣ್ಣ ಸಂಸ್ಥೆ ತಟ್ಟೆ, ಕ್ಯಾಸೆಟ್, ಸಿ.ಡಿ. ಹೊರತರುವ ಬಗೆಯನ್ನು ವಿವರಿಸುವ ಕೈಪಿಡಿಯನ್ನೇ ಹಂಚಿತು. ಲೆಕ್ಕ ಮುಚ್ಚಿಡದ ಈ ಸ್ವಭಾವ ಮುಂದೆ ಸಿ.ಡಿ. ಕಾಲದ ಸ್ವತಂತ್ರ ಕಲಾವಿದರಿಗೂ ಬಂತು.

ಕಾರ್ಖಾನೆಯ ಲೆಕ್ಕ

ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ‘ರೆಡ್ ಬುಕ್’ ಎಂಬ ಮಾನದಂಡವನ್ನು ಗೊತ್ತುಮಾಡಿದವು. ತಟ್ಟೆಯ ವ್ಯಾಸ 120 ಮಿ.ಮೀ., ದಪ್ಪ 1.2 ಮಿ.ಮೀ., ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್, ಹೆಚ್ಚೆಂದರೆ 99 ಹಾಡು. 1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ಬಳಿಯ ಲಾಂಗೆನ್‌ಹಾಗೆನ್ ಕಾರ್ಖಾನೆಯಲ್ಲಿ ಅಬ್ಬಾ ತಂಡದ ‘ದಿ ವಿಸಿಟರ್ಸ್’ ಆಲ್ಬಂ ತಟ್ಟೆಯಾಗಿ ಹೊರಬಂತು. ಅಮೆರಿಕದ ಮೊದಲ ಸಿ.ಡಿ. ಕಾರ್ಖಾನೆ ಇಂಡಿಯಾನ ರಾಜ್ಯದ ಟೆರಿ ಹಾಟ್ ಊರಿನಲ್ಲಿ ತೆರೆದದ್ದು 1984ರಲ್ಲಿ. ಅಲ್ಲಿಯತನಕ ಅಮೆರಿಕದ ಸಿ.ಡಿ.ಗಳೆಲ್ಲ ಜಪಾನ್, ಜರ್ಮನಿಗಳಿಂದ ಬರಬೇಕಿತ್ತು. ಕಾರ್ಖಾನೆಗಳು ಬೆರಳೆಣಿಕೆಯಷ್ಟು, ಸರದಿ ಉದ್ದ. ದೊಡ್ಡ ಕಂಪನಿಗಳ ಲಕ್ಷಗಟ್ಟಲೆ ಆರ್ಡರಿನ ನಡುವೆ ಸಾವಿರ ಪ್ರತಿ ಕೇಳಿಕೊಂಡು ಬಂದವನನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. 1983ರಲ್ಲಿ ಸಿ.ಡಿ.ಗಳನ್ನಷ್ಟೇ ಹೊರತರುವ ಸಂಸ್ಥೆಯಾಗಿ ಹುಟ್ಟಿದ ರೈಕೊಡಿಸ್ಕ್ ಕೂಡ ಒತ್ತಿಕೊಡುವವರಿಗಾಗಿ ಪರದಾಡಿತು.

ಕಡಿಮೆ ಪ್ರತಿ ಏಕೆ ದುಬಾರಿ ಎಂಬುದು ತಯಾರಿಕೆಯ ಹಂತಗಳನ್ನು ನೋಡಿದರೆ ತಿಳಿಯುತ್ತದೆ. ನುಣುಪಾಗಿ ಉಜ್ಜಿದ ಗಾಜಿನ ಬಿಲ್ಲೆಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ಅದರ ಮೇಲೆ ಲೇಸರ್ ಕಿರಣ ಸುರುಳಿಯಾಗಿ ಗುರುತು ಹಾಕುತ್ತದೆ. ಸುರುಳಿ ನಡುವಿನಿಂದ ಶುರುವಾಗಿ ಅಂಚಿಗೆ ಸಾಗುತ್ತದೆ; ಒಂದು ಸುತ್ತಿಗೂ ಇನ್ನೊಂದಕ್ಕೂ ಇರುವ ಅಂತರ 1.6 ಮೈಕ್ರೋಮೀಟರ್. ರಾಸಾಯನಿಕದಲ್ಲಿ ತೊಳೆದಾಗ ಕಿರಣ ತಾಗಿದ ಕಡೆ ಗುಳಿ ಬೀಳುತ್ತದೆ. ಆಮೇಲೆ ಅದರ ಮೇಲೆ ವಿದ್ಯುಲ್ಲೇಪನದಿಂದ ನಿಕಲ್ ಬೆಳೆಸಿ, ಬಿಡಿಸಿ, ‘ಸ್ಟ್ಯಾಂಪರ್’ ಎಂಬ ಲೋಹದ ಅಚ್ಚು ಪಡೆಯುತ್ತಾರೆ. ಇಷ್ಟೂ ಕೆಲಸ ದೂಳಿಲ್ಲದ ಕೋಣೆಯಲ್ಲಿ ನಡೆಯಬೇಕು. ಅಚ್ಚು ಯಂತ್ರಕ್ಕೆ ಕೂತ ಮೇಲೆ ಕರಗಿದ ಪಾಲಿಕಾರ್ಬೊನೇಟ್ ಒಳಗೆ ನುಗ್ಗುತ್ತದೆ, ತಣಿದು ತಟ್ಟೆಯಾಗುತ್ತದೆ, ಅಲ್ಯೂಮಿನಿಯಂ ಪದರ ಕೂರುತ್ತದೆ, ಮೇಲೆ ಅರಗಿನ ರಕ್ಷಣೆ ಬೀಳುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ಒಂದು ತಟ್ಟೆಗೆ ಮೂರು-ನಾಲ್ಕು ಸೆಕೆಂಡು ಸಾಕು. ಅಂದರೆ ಸಾವಿರ ಪ್ರತಿಗೆ ಯಂತ್ರ ಓಡುವುದು ಗಂಟೆಯ ಆಸುಪಾಸು. ಅದನ್ನು ಅಣಿಗೊಳಿಸುವುದೇ ದೊಡ್ಡ ಕೆಲಸ. ಗಾಜಿನ ಮೂಲಪ್ರತಿ, ಅಚ್ಚು, ಬಣ್ಣದ ಫಿಲ್ಮ್ ಇವುಗಳ ಖರ್ಚು ನೂರು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ.

ಹಾಗಾಗಿ ಸಾವಿರ ಎಂಬುದು ಈ ಉದ್ಯಮದ ಮಾಮೂಲಿ ಸಂಖ್ಯೆಯಾಯಿತು. ಐನೂರು ಮಾಡಿಸಿದರೂ ಬಿಲ್ಲಿನಲ್ಲಿ ಹೆಚ್ಚು ವ್ಯತ್ಯಾಸ ಬೀಳುತ್ತಿರಲಿಲ್ಲವಾದ್ದರಿಂದ ‘ಹೇಗಿದ್ದರೂ ಸಾವಿರ ಮಾಡಿಸಿಬಿಡಿ’ ಎಂಬ ಮಾತಿಗೆ ಕಲಾವಿದರು ತಲೆಯಾಡಿಸುತ್ತಿದ್ದರು. ಮೊದಲ ಮುದ್ರಣ ಸಾವಿರ ಪ್ರತಿ ಎಂಬುದು ಕನ್ನಡದ ಪುಸ್ತಕ ಪ್ರಕಾಶಕರಿಗೂ ಹಳೆಯ ರೂಢಿ. ಅಲ್ಲಿಯ ಹಾಗೆ ಇಲ್ಲೂ ಮುನ್ನೂರು ಮಾರಾಟವಾಗಿ ಏಳುನೂರು ಅಟ್ಟ ಸೇರುವುದು ಸಾಮಾನ್ಯವಾಗಿತ್ತು. 1980ರ ದಶಕದ ಕೊನೆಗೆ ಕಾರ್ಖಾನೆಗಳು ಹೆಚ್ಚಿ ಯಂತ್ರಗಳು ಬಿಡುವಾಗತೊಡಗಿದಾಗ, ಡಿಸ್ಕ್ ಮೇಕರ್ಸ್‌ನಂಥವರು ತಟ್ಟೆ, ಪುಸ್ತಿಕೆ, ಪ್ಲಾಸ್ಟಿಕ್ ಡಬ್ಬಿ, ಬಾರ್‌ಕೋಡ್ ಎಲ್ಲ ಸೇರಿಸಿ ಒಂದೇ ದರದ ‘ಪ್ಯಾಕೇಜ್’ ಕೊಡತೊಡಗಿದರು. ಬಾರ್‌ಕೋಡಿಗೂ ಒಂದು ಕಾರಣವಿತ್ತು. 1991ರಲ್ಲಿ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಅಂಗಡಿಗಳ ಮಾರಾಟವನ್ನು ಬಾರ್‌ಕೋಡ್ ಮೂಲಕವೇ ಎಣಿಸತೊಡಗಿದ ಮೇಲೆ, ಅದಿಲ್ಲದ ಸಿ.ಡಿ. ಎಷ್ಟು ಖರ್ಚಾದರೂ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಬರೆಯಬಲ್ಲ ತಟ್ಟೆ

ಈ ಲೆಕ್ಕವನ್ನು ಬುಡಮೇಲು ಮಾಡಿದ್ದು ಜಪಾನಿನ ತೈಯೋ ಯೂದೆನ್ ಕಂಪನಿ 1988ರಲ್ಲಿ ಪ್ರಕಟಿಸಿದ ಸಿ.ಡಿ.-ಆರ್. ಇದರಲ್ಲಿ ಗುಳಿಗಳಿಲ್ಲ. ಪ್ಲಾಸ್ಟಿಕ್ಕಿಗೂ ಲೋಹದ ಪದರಕ್ಕೂ ನಡುವೆ ತೆಳುವಾದ ವರ್ಣದ್ರವ್ಯ ಇರುತ್ತದೆ. ಲೇಸರ್ ಬಿಸಿ ತಾಗಿದ ಕಡೆ ಅದು ಮಾರ್ಪಟ್ಟು, ಓದುವ ಯಂತ್ರಕ್ಕೆ ಗುಳಿಯಂತೆಯೇ ತೋರುತ್ತದೆ. ಮೊದಮೊದಲು ಬರೆಯುವ ಯಂತ್ರಕ್ಕೆ ಹತ್ತಾರು ಸಾವಿರ ಡಾಲರ್ ಬೆಲೆ. ಹಾಡು ಹಾಡುವಷ್ಟೇ ಹೊತ್ತು ಬರೆಯಲೂ ಬೇಕು. 1995ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ಸಿ.ಡಿ. ರೈಟರ್ ತಂದಾಗ ಸಣ್ಣ ಸ್ಟುಡಿಯೊಗಳು ಕೊಳ್ಳತೊಡಗಿದವು. 2003ರ ಹೊತ್ತಿಗೆ 52 ಪಟ್ಟು ವೇಗದ ರೈಟರ್ ಮನೆಯ ಕಂಪ್ಯೂಟರಿನ ಮಾಮೂಲಿ ಭಾಗವಾಗಿತ್ತು.

ಆಗ ಬಂದವು ‘ಡೂಪ್ಲಿಕೇಟರ್ ಟವರ್’ಗಳು: ಮೇಲೊಂದು ಓದುವ ಡ್ರೈವ್, ಕೆಳಗೆ ಏಳೆಂಟು ಬರೆಯುವ ಡ್ರೈವ್. ಮೂಲ ತಟ್ಟೆ ಹಾಕಿ ಗುಂಡಿ ಒತ್ತಿದರೆ ನಾಲ್ಕೈದು ನಿಮಿಷಕ್ಕೆ ಒಂದು ಸಾಲು ಪ್ರತಿ ಹೊರಬರುತ್ತಿತ್ತು. ಮಿನೆಸೋಟದ ರಿಮೇಜ್, ಪ್ರೈಮೆರಾ ಕಂಪನಿಗಳು ತಟ್ಟೆಯನ್ನು ತಾನೇ ಎತ್ತಿ ಬರೆದು, ಮೇಲ್ಮೈಗೆ ಮುದ್ರಿಸಿ, ಪಕ್ಕಕ್ಕಿಡುವ ರೋಬೋಟ್ ಯಂತ್ರಗಳನ್ನು ಮಾರಿದವು. ಅಚ್ಚಿನ ಖರ್ಚೇ ಇಲ್ಲವಾದ್ದರಿಂದ ಐವತ್ತು ಪ್ರತಿಯೂ ಗಿಟ್ಟುವಂತಾಯಿತು. ಮುನ್ನೂರರ ಆಸುಪಾಸಿನವರೆಗೆ ಬರೆಸುವುದು, ಅದಕ್ಕೂ ಮೇಲೆ ಒತ್ತಿಸುವುದು ಎಂಬ ಅಲಿಖಿತ ನಿಯಮ ಬೆಳೆಯಿತು.

ಒತ್ತಿದ ತಟ್ಟೆಯೇ ಮೇಲು, ಬರೆದದ್ದು ಕೀಳು ಎಂಬ ಭಾವನೆ ಮಾತ್ರ ಹೋಗಲಿಲ್ಲ. ಧ್ವನಿಯ ಮಟ್ಟಿಗೆ ಎರಡರಲ್ಲೂ ಇರುವುದು ಅದೇ ಅಂಕೆಗಳು. ನಿಜವಾದ ತೊಂದರೆ ಬೇರೆ. ಬರೆದ ತಟ್ಟೆ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ಹಳೆಯ ಪ್ಲೇಯರ್‌ಗಳೂ ಎಷ್ಟೋ ಕಾರುಗಳ ಸ್ಟೀರಿಯೊಗಳೂ ಅದನ್ನು ಗುರುತಿಸುತ್ತಿರಲಿಲ್ಲ. ಬಿಸಿಲಿಗೆ ವರ್ಣದ್ರವ್ಯ ಹಾಳಾಗುತ್ತಿತ್ತು. ರೆಡ್ ಬುಕ್ ಪ್ರಕಾರ ಸೆಕೆಂಡಿಗೆ ಓದುವ 7,350 ಕಟ್ಟುಗಳಲ್ಲಿ ದೋಷ ಸರಾಸರಿ 220 ಮೀರಬಾರದು. ಅಗ್ಗದ ಖಾಲಿ ತಟ್ಟೆಗೆ ಅವಸರದಲ್ಲಿ ಬರೆದಾಗ ಈ ಮಿತಿ ದಾಟುವುದು ಅಪರೂಪವಾಗಿರಲಿಲ್ಲ. ಬಲ್ಲವರು ತೈಯೋ ಯೂದೆನ್ ತಟ್ಟೆಯನ್ನೇ ಹುಡುಕಿ ತಂದು ನಿಧಾನ ವೇಗದಲ್ಲಿ ಬರೆಸುತ್ತಿದ್ದರು. ಮೂಲಪ್ರತಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕಿತ್ತು. ಹಾಡುಗಳನ್ನು ಬಿಟ್ಟು ಬಿಟ್ಟು ಬರೆದರೆ ನಡುವೆ ಲೇಸರ್ ನಿಂತ ಗುರುತು ಉಳಿದು ಕಾರ್ಖಾನೆಯವರು ತಿರಸ್ಕರಿಸುತ್ತಿದ್ದರು; ಇಡೀ ತಟ್ಟೆಯನ್ನು ಒಂದೇ ಬೀಸಿನಲ್ಲಿ ಬರೆಯಬೇಕಿತ್ತು. ಆಲಾಪನೆಯಿಂದ ಕೃತಿಗೆ ಚಪ್ಪಾಳೆ ಕಡಿಯದೆ ಸಾಗುವ ಕಛೇರಿಯ ಧ್ವನಿಮುದ್ರಣಕ್ಕಂತೂ ಬೇರೆ ದಾರಿಯೇ ಇರಲಿಲ್ಲ.

ಮೇಲ್ಮೈ ಮುದ್ರಣ ಮತ್ತು ಹೊದಿಕೆ

ಒತ್ತಿದ ತಟ್ಟೆಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಅಥವಾ ಆಫ್‌ಸೆಟ್. ಬೋರ್ಡು, ಬ್ಯಾನರಿನ ಹಾಗೆ ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕಾದ್ದರಿಂದ, ಕೈ ಬಿಗಿ ಇದ್ದವರು ಬೆಳ್ಳಿಯ ಮೈಮೇಲೆ ಕಪ್ಪು ಅಕ್ಷರ ಹಾಕಿಸಿ ಮುಗಿಸುತ್ತಿದ್ದರು; ಎಷ್ಟೋ ಸಲ ಅದೇ ಚೆನ್ನಾಗಿ ಕಾಣುತ್ತಿತ್ತು. ಬರೆದ ತಟ್ಟೆಗಳಿಗೆ ಮೊದಲು ಅಂಟುವ ಕಾಗದದ ಲೇಬಲ್ ಬಂತು. ಅದು ಕೂದಲೆಳೆ ಓರೆಯಾದರೂ ವೇಗದ ಡ್ರೈವಿನಲ್ಲಿ ತಟ್ಟೆ ಗಡಗಡ ನಡುಗುವುದು, ಕಾರಿನ ಬಿಸಿಗೆ ಲೇಬಲ್ ಎದ್ದು ಪ್ಲೇಯರಿನೊಳಗೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದ ಫಜೀತಿ. ಇಂಕ್‌ಜೆಟ್ ಶಾಯಿ ಹಿಡಿಯುವ ಬಿಳಿ ಮೇಲ್ಮೈಯ ಖಾಲಿ ತಟ್ಟೆಗಳು ಬಂದ ಮೇಲೆ ಲೇಬಲ್ ಹಿಂದೆ ಸರಿಯಿತು. ಆ ಶಾಯಿ ಒದ್ದೆ ಬೆರಳಿಗೆ ಕದಡುತ್ತಿದ್ದರಿಂದ, ಹೆಚ್ಚು ಕಾಸು ಕೊಡಬಲ್ಲವರು ಥರ್ಮಲ್ ಮುದ್ರಣಕ್ಕೆ ಹೋದರು.

ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಎರಡು ಕಾಗದ ಬೇಕು. ಮುಂದೆ 12 ಸೆಂ.ಮೀ. ಚೌಕದ ಪುಸ್ತಿಕೆ, ಅದರ ಪುಟಗಳು ನಾಲ್ಕರ ಗುಣಕದಲ್ಲಿ. ಹಿಂದೆ ಟ್ರೇ ಕಾರ್ಡ್. ಅದರ ಎರಡು ಬದಿ ಮಡಿಸಿಕೊಂಡು ಕಪಾಟಿನಲ್ಲಿ ಹೆಸರು ಕಾಣುವ ಬೆನ್ನುಗಳಾಗುತ್ತವೆ. ಡಬ್ಬಿ ಬಿದ್ದರೆ ಒಡೆಯುತ್ತದೆ, ಅಂಚೆಗೆ ಭಾರ. ಹೀಗಾಗಿ ಸಣ್ಣ ಪ್ರಕಟಣೆಗಳು ಕ್ರಮೇಣ ರಟ್ಟಿನ ಹೊದಿಕೆಗೆ ಹೊರಳಿದವು. ಐವತ್ತು ಪ್ರತಿ ಮಾಡುವವರಂತೂ ಹೊಲಿದ ಬಟ್ಟೆ, ಕೈಯಲ್ಲಿ ಒತ್ತಿದ ಮರದಚ್ಚಿನ ಚಿತ್ರ ಎಂದೆಲ್ಲ ಪ್ರಯೋಗ ಮಾಡಿದರು. ಸಾವಿರ ಪ್ರತಿ ಮಾಡುವವನಿಗೆ ಈ ಚಪಲ ಎಟುಕದು.

ಮಾರಾಟ

ಮಾಡಿಸಿದ್ದನ್ನು ಮಾರುವುದು ಹೇಗೆ? ಕಛೇರಿಯ ಬಾಗಿಲಲ್ಲಿ ಮೇಜು ಹಾಕುವುದೊಂದೇ ಬಹುಕಾಲ ನೆಚ್ಚಬಹುದಾದ ದಾರಿಯಾಗಿತ್ತು. ವಿತರಕರು ಒಂಟಿ ಆಲ್ಬಂನವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. 1998ರಲ್ಲಿ ಡೆರೆಕ್ ಸಿವರ್ಸ್ ಎಂಬ ಸಂಗೀತಗಾರ ತನ್ನದೇ ಸಿ.ಡಿ. ಮಾರಲು ಅಂತರ್ಜಾಲದಲ್ಲಿ ಅಂಗಡಿ ತೆರೆದ. ಗೆಳೆಯರು ತಮ್ಮದನ್ನೂ ಇಡು ಎಂದರು. ಅದು ಸಿಡಿ ಬೇಬಿ ಆಯಿತು. ಶರತ್ತು ಸರಳ: ಸೇರಲು 35 ಡಾಲರ್, ಮಾರಾಟವಾದ ಪ್ರತಿಯೊಂದಕ್ಕೆ ಅಂಗಡಿಗೆ 4 ಡಾಲರ್, ಮಿಕ್ಕದ್ದು ಕಲಾವಿದನಿಗೆ. ಐದೇ ಪ್ರತಿ ಕಳಿಸಿದರೂ ಇಟ್ಟುಕೊಳ್ಳುತ್ತಿದ್ದರು. 2008ರಲ್ಲಿ ಡಿಸ್ಕ್ ಮೇಕರ್ಸ್ ಇದನ್ನು 2.2 ಕೋಟಿ ಡಾಲರಿಗೆ ಕೊಂಡಾಗ, ಸ್ವತಂತ್ರ ಕಲಾವಿದರ ಸಿ.ಡಿ. ಮಾಡಿಕೊಡುವವರೂ ಮಾರಿಕೊಡುವವರೂ ಒಂದೇ ಸೂರಿನಡಿ ಬಂದರು. ಇನ್ನೊಂದು ಮಾದರಿ ಆರ್ಟಿಸ್ಟ್‌ಶೇರ್ ಸಂಸ್ಥೆಯದು: ಕೇಳುಗರಿಂದ ಮುಂಗಡ ಹಣ ಪಡೆದು ಆಲ್ಬಂ ಮಾಡುವುದು. ಮರಿಯಾ ಶ್ನೈಡರ್ ಅವರ ‘ಕಾನ್ಸರ್ಟ್ ಇನ್ ದ ಗಾರ್ಡನ್’ ಹೀಗೆ ಬಂದು, ಅಂಗಡಿಗಳಿಗೆ ಹೋಗದೆಯೇ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸಣ್ಣ ಪ್ರಕಟಣೆಗೆ ನೆಲ ಹದ ಮಾಡಿದ್ದು ಕ್ಯಾಸೆಟ್. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಭಾವಗೀತೆಗೆ ಕ್ಯಾಸೆಟ್ಟೇ ಮನೆಯಾಯಿತು. ಕ್ಯಾಸೆಟ್ ನಕಲು ಮಾಡಲು ಅಚ್ಚು ಬೇಡ. ಊರೂರಿನ ರೆಕಾರ್ಡಿಂಗ್ ಅಂಗಡಿಗಳು ದೇವರನಾಮ, ತತ್ತ್ವಪದ, ತಾಳಮದ್ದಳೆಗಳನ್ನು ಬೇಕಾದಷ್ಟೇ ಪ್ರತಿ ಮಾಡಿ ಕೊಡುತ್ತಿದ್ದವು. ಸಿ.ಡಿ. ಬಂದಾಗ ಈ ಸಲೀಸು ಕೆಲಕಾಲ ತಪ್ಪಿತು. ಒತ್ತುವ ಕಾರ್ಖಾನೆಗಳು ದೂರ, ಸಂಖ್ಯೆ ದೊಡ್ಡದು.

ತಿರುವು ತಂದದ್ದು ಮೋಸರ್ ಬೇರ್. 1983ರಲ್ಲಿ ಆರಂಭವಾದ ದೆಹಲಿಯ ಈ ಕಂಪನಿ 1999ರಿಂದ ಸಿ.ಡಿ.-ಆರ್ ತಯಾರಿಸತೊಡಗಿ, ಜಗತ್ತಿನ ಅತಿದೊಡ್ಡ ಉತ್ಪಾದಕರ ಸಾಲಿಗೆ ಸೇರಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐವತ್ತು, ನೂರರ ಕಂಬಿಗೆ ಪೋಣಿಸಿದ ಖಾಲಿ ತಟ್ಟೆಗಳು ಸಿಕ್ಕತೊಡಗಿದವು. ಸ್ಟುಡಿಯೊದಲ್ಲೇ ‘ಸಿ.ಡಿ. ಹೊಡೆಸಿ’, ಮದುವೆ ಕಾರ್ಡು ಅಚ್ಚು ಹಾಕುವವರ ಬಳಿ ಹೊದಿಕೆ ಮಾಡಿಸಿ, ಮನೆಮಂದಿ ಕೂತು ಡಬ್ಬಿಗೆ ತುಂಬಿದರೆ ಬಿಡುಗಡೆಗೆ ಸಿದ್ಧ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಮೊದಲ ಆಲ್ಬಂ 2000ದಲ್ಲಿ ಸ್ವಂತ ಪ್ರಕಟಣೆಯಾಗಿ ಬಂದದ್ದು ಈ ಹೊಸಿಲಲ್ಲೇ. ಆದರೂ ಇಂಗ್ಲಿಷ್ ರಾಕ್ ತಂಡಗಳ ಸುದ್ದಿ ಪತ್ರಿಕೆಗಳಲ್ಲಿ ಹೆಚ್ಚು ಬಂದಿತೇ ಹೊರತು, ಕರ್ನಾಟಕದಲ್ಲಿ ಈ ಕಸುಬನ್ನು ನಡೆಸಿದ್ದು ಸುಗಮ ಸಂಗೀತ ಶಾಲೆಗಳು, ವಚನ ಗಾಯಕರು, ಯಕ್ಷಗಾನ ಭಾಗವತರು, ಗಮಕಿಗಳು, ಊರ ದೇವರ ಮೇಲೆ ಹಾಡು ಕಟ್ಟಿದವರು. ಐನೂರು ಪ್ರತಿಯಲ್ಲಿ ನೂರು ಬಿಡುಗಡೆಯ ದಿನವೇ ಗೌರವ ಪ್ರತಿಯಾಗಿ ಹೋಗುತ್ತಿದ್ದವು. ಬಣ್ಣದ ಕಾಗದ ಸುತ್ತಿದ ಪೊಟ್ಟಣವನ್ನು ಮುಖ್ಯ ಅತಿಥಿಗಳು ವೇದಿಕೆಯಲ್ಲಿ ಬಿಚ್ಚಿ, ಸಾಲಾಗಿ ನಿಂತು, ಎದೆಯ ಮಟ್ಟಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳದೆ ಯಾವ ‘ಧ್ವನಿಸಾಂದ್ರಿಕೆ ಲೋಕಾರ್ಪಣೆ’ಯೂ ಮುಗಿಯುತ್ತಿರಲಿಲ್ಲ.

ಕನ್ನಡದ ಪ್ರಕಟಣೆಗೆ ಅದರದೇ ಆದ ತಾಪತ್ರಯಗಳಿದ್ದವು. ಯುನಿಕೋಡ್ ಬಳಕೆಗೆ ಬರುವ ಮುಂಚೆ ವಿನ್ಯಾಸಕರು ನುಡಿ, ಬರಹ, ಶ್ರೀಲಿಪಿ ಹೀಗೆ ಒಬ್ಬೊಬ್ಬರು ಒಂದೊಂದು ತಂತ್ರಾಂಶದ ಅಕ್ಷರಶೈಲಿ ಬಳಸುತ್ತಿದ್ದರು. ಕಡತವನ್ನು ಹಾಗೆಯೇ ಹೊರರಾಜ್ಯದ ಮುದ್ರಣಾಲಯಕ್ಕೆ ಕಳಿಸಿದರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕವಿಯ ಹೆಸರೇ ಓದಲಾಗದಂತೆ ಅಚ್ಚಾಗುತ್ತಿತ್ತು. ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಎಲ್ಲ ಅಕ್ಷರಗಳನ್ನು ‘ಕರ್ವ್’ ಮಾಡಿಯೇ, ಅಂದರೆ ಬರಿಯ ರೇಖಾಚಿತ್ರವಾಗಿ ಬದಲಿಸಿಯೇ, ಕಳಿಸಬೇಕೆಂಬ ಪಾಠ ಹೀಗೆ ಬಂದದ್ದು. ಕರ್ವ್ ಮಾಡಿದ ಮೇಲೆ ಕಾಗುಣಿತದ ತಪ್ಪು ಕಂಡರೆ ತಿದ್ದುವ ಹಾಗಿರಲಿಲ್ಲ. 1996ರಲ್ಲಿ ಬಂದ ‘ಸಿ.ಡಿ. ಟೆಕ್ಸ್ಟ್’ ಸೌಲಭ್ಯವೂ ಕನ್ನಡಕ್ಕೆ ಒದಗಲಿಲ್ಲ. ಪ್ಲೇಯರಿನ ಪುಟ್ಟ ಪರದೆಯಲ್ಲಿ ಹಾಡಿನ ಹೆಸರು ತೋರಿಸಲು ಅದರಲ್ಲಿ ರೋಮನ್ ಮತ್ತು ಜಪಾನಿ ಲಿಪಿಗೆ ಏರ್ಪಾಟಿತ್ತು, ಭಾರತೀಯ ಲಿಪಿಗಳಿಗೆ ಇರಲಿಲ್ಲ.

ಹಕ್ಕುಸ್ವಾಮ್ಯದ ತೊಡಕು

ಸಣ್ಣ ಪ್ರಕಟಣೆಗೆ ಕಾನೂನಿನಲ್ಲಿ ರಿಯಾಯಿತಿ ಇದೆಯೆಂದು ಹಲವರು ನಂಬಿದ್ದರು. ಇಲ್ಲ. ಅಮೆರಿಕದಲ್ಲಿ ಇನ್ನೊಬ್ಬರ ಹಾಡನ್ನು ಹಾಡಿ ಸಿ.ಡಿ. ಮಾಡಲು ಪ್ರತಿಗೆ ಇಂತಿಷ್ಟು ಎಂದು ಕಾನೂನೇ ದರ ಗೊತ್ತುಮಾಡಿದೆ. 2006ರಿಂದ 2022ರವರೆಗೆ ಅದು ಹಾಡಿಗೆ 9.1 ಸೆಂಟ್, 2023ರಲ್ಲಿ 12 ಸೆಂಟ್. ಹ್ಯಾರಿ ಫಾಕ್ಸ್ ಏಜೆನ್ಸಿಯ ‘ಸಾಂಗ್‌ಫೈಲ್’ ಎಂಬ ವ್ಯವಸ್ಥೆ 25ರಿಂದ 2,500 ಪ್ರತಿಗಳವರೆಗಿನ ಪರವಾನಗಿಯನ್ನು ಅಂತರ್ಜಾಲದಲ್ಲೇ ಕೊಡುತ್ತಿತ್ತು. ಸಣ್ಣವರಿಗೆಂದೇ ಮಾಡಿದ ಏರ್ಪಾಟು ಅದು.

ಭಾರತದ ಹಾದಿ ಬೇರೆ. ಹಕ್ಕುಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಕಲಮಿನ ಪ್ರಕಾರ, ಒಂದು ಹಾಡಿನ ಮೊದಲ ಧ್ವನಿಮುದ್ರಣವಾದ ವರ್ಷ ಕಳೆದು ಐದು ವರ್ಷವಾಗುವ ತನಕ ಅದರ ಮರುಗಾಯನದ ಪ್ರತಿ ಮಾಡುವಂತಿಲ್ಲ. ಆಮೇಲೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕಟ್ಟಬೇಕು. ಮುನ್ನೂರು ಪ್ರತಿ ಮಾಡುವ ಗಾಯಕಿಗೆ ಇದು ಯಾವ ನ್ಯಾಯ? ಕಡಿಮೆ ಪ್ರಸಾರದ ಭಾಷೆಗಳಿಗೆ ಈ ಕನಿಷ್ಠ ಸಂಖ್ಯೆಯನ್ನು ಇಳಿಸುವ ಅಧಿಕಾರವನ್ನೂ ಅದೇ ಕಲಮು ಕೊಟ್ಟಿರುವುದು ನಿಜ. ಆದರೆ ಸಣ್ಣ ಪ್ರಕಟಣೆಯವರು ಸಾಮಾನ್ಯವಾಗಿ ಕಂಡುಕೊಂಡ ದಾರಿಯೆಂದರೆ ಹಕ್ಕು ತೀರಿದ ಸಾಹಿತ್ಯಕ್ಕೆ ಮೊರೆಹೋಗುವುದು. ದಾಸರ ಪದ, ವಚನ, ಶಿಶುನಾಳ ಷರೀಫರ ಪದಗಳು ಎಲ್ಲರ ಸೊತ್ತು. ಕವಿ ತೀರಿಕೊಂಡು ಅರವತ್ತು ವರ್ಷದವರೆಗೆ ಹಕ್ಕು ಉಳಿಯುವುದರಿಂದ 1981ರಲ್ಲಿ ನಿಧನರಾದ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕು. ರಾಗ ಸಂಯೋಜನೆ ಹೊಸದಾದರೂ ಬೇಕು. ಭಾವಗೀತೆಗಿಂತ ಭಕ್ತಿಗೀತೆಯ ಸಿ.ಡಿ.ಗಳು ಅಷ್ಟೊಂದು ಬಂದದ್ದಕ್ಕೆ ಭಕ್ತಿಯೊಂದೇ ಕಾರಣವೆನ್ನಲಾಗದು.

ಇಳಿಗಾಲ

ಅಮೆರಿಕದಲ್ಲಿ ಸಿ.ಡಿ. ಮಾರಾಟ 2000ದಲ್ಲಿ 94 ಕೋಟಿ ದಾಟಿ ಶಿಖರ ಮುಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ, ಹಾಡುಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದಿತ್ತು. ಹಾಡುಗಳನ್ನು ಅಂತರ್ಜಾಲದಲ್ಲೇ ಮಾರುವ ಐಟ್ಯೂನ್ಸ್ ಅಂಗಡಿ 2003ರಲ್ಲಿ, ಬ್ಯಾಂಡ್‌ಕ್ಯಾಂಪ್ 2008ರಲ್ಲಿ ಬಂದವು. ದೆಹಲಿಯ ಇಂಡಿಯನ್ ಓಷನ್ ತಂಡ 2010ರಲ್ಲಿ ‘16/330 ಖಜೂರ್ ರೋಡ್’ ಆಲ್ಬಂನ ಹಾಡುಗಳನ್ನು ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿಯೇ ಬಿಟ್ಟಿತು. ಲ್ಯಾಪ್‌ಟಾಪಿನಿಂದ ಡ್ರೈವ್ ಹೋಯಿತು, ಕಾರಿನಲ್ಲಿ ಪೆನ್‌ಡ್ರೈವ್ ಕಿಂಡಿ ಬಂತು. ತೈಯೋ ಯೂದೆನ್ 2015ರ ಕೊನೆಗೆ ತಟ್ಟೆ ತಯಾರಿಕೆ ನಿಲ್ಲಿಸಿತು. ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಹೋಯಿತು. ಸಿಡಿ ಬೇಬಿ 2020ರಲ್ಲಿ ತನ್ನ ಅಂಗಡಿ ಮುಚ್ಚಿತು. ಅಮೆರಿಕದಲ್ಲಿ ಆ ವರ್ಷ ಮಾರಾಟವಾದ ಸಿ.ಡಿ. 3.16 ಕೋಟಿ. ಮರುವರ್ಷ ಅದು 4.66 ಕೋಟಿಗೆ ಏರಿದ್ದು ಹಲವರಿಗೆ ಅಚ್ಚರಿ ತಂದಿತು.

ದೊಡ್ಡ ಆರ್ಡರುಗಳು ಬತ್ತಿದ ಮೇಲೆ ಉಳಿದ ಕಾರ್ಖಾನೆಗಳಿಗೆ ಸಣ್ಣ ಗಿರಾಕಿಯೇ ಆಧಾರ. ವಿನೈಲ್ ತಟ್ಟೆಗೆ ತಿಂಗಳುಗಟ್ಟಲೆ ಕಾಯಬೇಕಾದ ಕಾಲದಲ್ಲಿ ಸಿ.ಡಿ. ಕೆಲವೇ ವಾರಕ್ಕೆ ಕೈಸೇರುವುದು, ಖರ್ಚೂ ಕಡಿಮೆ ಎಂಬುದು ಅವರ ಜಾಹೀರಾತಾಗಿತ್ತು. ಒಂದೊಂದೇ ಪ್ರತಿಯನ್ನು ಬೇಡಿಕೆ ಬಂದಾಗ ಮಾಡಿ ಕಳಿಸುವ ಸೇವೆಗಳೂ ಇವೆ. ಕರ್ನಾಟಕದಲ್ಲಿ ಇವತ್ತಿನ ಲೋಕಾರ್ಪಣೆಗಳಲ್ಲಿ ಪೆನ್‌ಡ್ರೈವೋ ಯೂಟ್ಯೂಬ್ ಕೊಂಡಿಯೋ ಬಂದಿದ್ದರೂ, ಕೈಗೆ ಕೊಡಲು ಒಂದಷ್ಟು ಸಿ.ಡಿ. ಮಾಡಿಸುವವರು ಇದ್ದಾರೆ.

ಇವುಗಳನ್ನು ಸಂಗ್ರಹಿಸುವ ಕೆಲಸ ಮಾತ್ರ ಹಿಂದುಳಿದಿದೆ. ಪ್ರಕಟವಾದ ಪುಸ್ತಕವನ್ನು ಗ್ರಂಥಾಲಯಗಳಿಗೆ ಕಳಿಸಬೇಕೆಂಬ 1954ರ ಕಾಯಿದೆ ಧ್ವನಿಮುದ್ರಿಕೆಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಮುನ್ನೂರು ಪ್ರತಿಯ ಒಂದು ಆಲ್ಬಂ ಬಂದಿತ್ತು ಎನ್ನಲು ಎಷ್ಟೋ ಸಲ ಅದರ ಹೊದಿಕೆಯೊಂದೇ ಸಾಕ್ಷಿ. ಧ್ವನಿಮುದ್ರಿಕೆ ಮಾಡಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇಷ್ಟನ್ನೂ ತಟ್ಟೆಯ ಮೇಲೂ ಡಬ್ಬಿಯ ಮೇಲೂ ಅಚ್ಚು ಹಾಕಲೇಬೇಕೆಂದು ಹಕ್ಕುಸ್ವಾಮ್ಯ ಕಾಯಿದೆಯ 52ಎ ಕಲಮು ಹೇಳುತ್ತದೆ. ಸ್ಟುಡಿಯೊದಲ್ಲಿ ಹೊಡೆಸಿದ ಎಷ್ಟೋ ಸಿ.ಡಿ.ಗಳ ಮೇಲೆ ಮುಖ್ಯ ಅತಿಥಿಗಳ ಶುಭಹಾರೈಕೆ ಇದೆ, ಪ್ರಾಯೋಜಕರ ಫೋಟೊ ಇದೆ, ವರ್ಷ ಇಲ್ಲ.